ಗೌರಿ ಹಬ್ಬಕ್ಕೆ ಮೂರೇ ವಾರ, ಮನೆಯಲ್ಲಿ ತಿಗಣೆ: ನಾದಿನಿಗೆ ಹೇಳಲೋ ಬೇಡವೋ?

ತುಂಗೆಯ ದಡ (ಶಿವಮೊಗ್ಗ)
ಬರೆಯಲು ಸಂಕೋಚವಾಗುತ್ತಿದೆ, ಆದರೂ ಕೇಳುತ್ತೇನೆ. ನಮ್ಮ ಮನೆಗೆ ತಿಗಣೆ ಸೇರಿಕೊಂಡಿದೆ.

ಒಂದೂವರೆ ತಿಂಗಳ ಹಿಂದೆ ಮಗಳ ತೋಳಿನ ಮೇಲೆ ಸಾಲಾಗಿ ಮೂರು ನಾಲ್ಕು ದದ್ದು ಎದ್ದವು. ನಾನು ಸೊಳ್ಳೆ ಎಂದುಕೊಂಡೆ, ಅತ್ತೆಯವರು ಬೆವರುಸಾಲೆ ಎಂದರು. ಈ ಮಳೆಯಲ್ಲಿ, ಕಂಬಳಿ ಹೊದ್ದು ಮಲಗುವ ಚಳಿಯಲ್ಲಿ ಎಲ್ಲಿಯ ಬೆವರುಸಾಲೆ? ಅದೇ ಮಂಚದಲ್ಲಿ ಮಲಗುವ ನಮ್ಮ ಯಜಮಾನರ ಮೈಮೇಲೆ ಒಂದು ಗುಳ್ಳೆಯೂ ಇಲ್ಲ. ಹಾಗಾಗಿ ನನ್ನ ಮಾತನ್ನು ಯಾರೂ ನಂಬಲಿಲ್ಲ. ಮೊನ್ನೆ ರಾತ್ರಿ ಎರಡು ಗಂಟೆಗೆ ಎದ್ದು, ಮೊಬೈಲಿನ ಬೆಳಕಿನಲ್ಲಿ ದಿಂಬಿನ ಅಂಚು ಮಗುಚಿದರೆ ಅಲ್ಲೇ ಕುಳಿತಿತ್ತು, ರಕ್ತ ಕುಡಿದು ಉಬ್ಬಿ, ಹುಣಸೆ ಬೀಜದ ಬಣ್ಣಕ್ಕೆ ತಿರುಗಿ. ಹಾಸಿಗೆಯ ಹೊಲಿಗೆಯ ಉದ್ದಕ್ಕೂ ಶಾಯಿ ಪೆನ್ನಿನಿಂದ ಕುಟ್ಟಿದಂತೆ ಕಪ್ಪು ಚುಕ್ಕಿಗಳು.

ಮೇ ತಿಂಗಳಲ್ಲಿ ಮೈದುನ ಬೆಂಗಳೂರಿನ ಪಿಜಿ ಖಾಲಿ ಮಾಡಿ, ಹಾಸಿಗೆ ಸುತ್ತಿಕೊಂಡು ಬಂದಿದ್ದ. ಅದರಲ್ಲೇ ಬಂದಿರಬಹುದು. ಅವನನ್ನು ದೂರುವ ಮನಸ್ಸಿಲ್ಲ.

ಗೌರಿ ಹಬ್ಬಕ್ಕೆ ಹಾಸನದಿಂದ ನಾದಿನಿ ಎರಡು ಮಕ್ಕಳೊಂದಿಗೆ ಬರುತ್ತಾಳೆ, ಐದು ದಿನ ಇರುತ್ತಾಳೆ. ಅತ್ತೆಯವರು, "ಯಾರಿಗೂ ಹೇಳಕೂಡದು, ಮನೆಯ ಮರ್ಯಾದೆ" ಎಂದು ಅಪ್ಪಣೆ ಮಾಡಿದ್ದಾರೆ. ಬಿಸಿಲು ಕಂಡು ಹದಿನೈದು ದಿನವಾಯಿತು, ಹಾಸಿಗೆ ಒಣಗಿಸುವ ಮಾತೇ ಇಲ್ಲ. ಮೂರು ವಾರದಲ್ಲಿ ಇದನ್ನು ನಿರ್ಮೂಲ ಮಾಡಲು ಆಗುತ್ತದೆಯೇ? ಆಗದಿದ್ದರೆ ನಾದಿನಿಗೆ ಏನು ಹೇಳಲಿ?

ಇಕ್ಕೇರಿ ಅಣ್ಣ (ಸಾಗರ)
ಸೀಮೆಎಣ್ಣೆ. ಮಂಚದ ಸಂದುಗಳಿಗೆ ಬಿಟ್ಟರೆ ಮುಗಿಯಿತು. ನಮ್ಮ ಅಜ್ಜಿ ಮಾಡುತ್ತಿದ್ದದ್ದು ಅದೇ.

ಕೊಡಚಾದ್ರಿ ನೆರಳು (ಹೊಸನಗರ)
ಅಣ್ಣ, ಅಜ್ಜಿಯ ಕಾಲದಲ್ಲಿ ಮಂಚದ ಪಕ್ಕ ಮೊಬೈಲ್ ಚಾರ್ಜರ್ ಇರಲಿಲ್ಲ, ಸ್ಪಂಜಿನ ಹಾಸಿಗೆಯೂ ಇರಲಿಲ್ಲ. ಮಗು ಮಲಗುವ ಜಾಗಕ್ಕೆ ಸೀಮೆಎಣ್ಣೆ ಸುರಿದು ಸೊಳ್ಳೆ ಬತ್ತಿ ಹಚ್ಚಿದರೆ ಏನಾಗುತ್ತದೆ ಎಂದು ಯೋಚಿಸಿ. ಎಣ್ಣೆ ತಾಗಿದ ತಿಗಣೆ ಸಾಯುತ್ತದೆ, ನಿಜ. ತಾಗದ ಮೊಟ್ಟೆ ಹಾಗೆಯೇ ಉಳಿಯುತ್ತದೆ.

ಇಕ್ಕೇರಿ ಅಣ್ಣ (ಸಾಗರ)
ನಾವೆಲ್ಲ ಸೀಮೆಎಣ್ಣೆ ಬಳಿದ ಮಂಚದ ಮೇಲೆಯೇ ಬೆಳೆದವರು. ಯಾರೂ ಸುಟ್ಟುಹೋಗಲಿಲ್ಲ.

ಆಸ್ಪತ್ರೆ ಅಕ್ಕ (ತೀರ್ಥಹಳ್ಳಿ)
ಸುಟ್ಟುಹೋದವರು ಇಲ್ಲಿ ಬಂದು ಬರೆಯುವುದಿಲ್ಲ ಅಣ್ಣ. ಇಪ್ಪತ್ತೆರಡು ವರ್ಷ ನರ್ಸ್ ಆಗಿ ಕೆಲಸ ಮಾಡಿದ್ದೇನೆ, ಸೀಮೆಎಣ್ಣೆಯ ಸುಟ್ಟಗಾಯ ಎಂತಹದೆಂದು ಬಲ್ಲೆ. ದಯವಿಟ್ಟು ಆ ಸಲಹೆ ಬೇಡ.

ತಂಗಿ, ನಿನ್ನ ಯಜಮಾನರಿಗೂ ಕಚ್ಚಿರುತ್ತದೆ. ಕೆಲವರ ಚರ್ಮ ಅದಕ್ಕೆ ಪ್ರತಿಕ್ರಿಯಿಸುವುದೇ ಇಲ್ಲ, ಇನ್ನು ಕೆಲವರಿಗೆ ದದ್ದು ಏಳಲು ಹಲವು ದಿನ ಹಿಡಿಯುತ್ತದೆ. ಅವರ ಮೈ ನುಣುಪಾಗಿದೆ ಎಂದು ನಿನ್ನ ಮಾತನ್ನು ತಳ್ಳಿಹಾಕುವಂತಿಲ್ಲ, ಅವರಿಗೆ ಇದನ್ನು ಓದಿಸು. ತಿಗಣೆ ಕಚ್ಚಿ ಯಾವ ರೋಗವೂ ಹರಡಿದ್ದು ಈವರೆಗೆ ಸಾಬೀತಾಗಿಲ್ಲ. ಆದರೆ ಮಕ್ಕಳು ಕೆರೆದು ಕೆರೆದು ಗಾಯ ಮಾಡಿಕೊಂಡರೆ ಕೀವಾಗುತ್ತದೆ. ಮಗಳ ಉಗುರು ಕತ್ತರಿಸು, ದದ್ದಿನ ಮೇಲೆ ತಣ್ಣೀರು ಬಟ್ಟೆ ಇಡು. ತುರಿಕೆ ಹೆಚ್ಚಾದರೆ ವೈದ್ಯರಿಗೆ ತೋರಿಸು.

ಕಾನಿನ ಹಾದಿ (ಸೊರಬ)
ರೋಗ ಹರಡುವುದಿಲ್ಲ ಎಂದು ಅಷ್ಟು ಧೈರ್ಯವಾಗಿ ಹೇಗೆ ಹೇಳುತ್ತೀರಿ? ನಮ್ಮ ಕಡೆ ಮಂಗನ ಕಾಯಿಲೆ ಇಂತಹ ಹುಳದಿಂದಲೇ ಅಲ್ಲವೇ ಬರುವುದು?

ಆಸ್ಪತ್ರೆ ಅಕ್ಕ (ತೀರ್ಥಹಳ್ಳಿ)
ಅದು ಉಣುಗು, ತಿಗಣೆಯಲ್ಲ. ನಿಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಕಾಯಿಲೆ ಅದು. ಉಣುಗಿಗೆ ಎಂಟು ಕಾಲು (ಮರಿಗೆ ಆರು), ಕಾಡಿನಲ್ಲಿ, ದನದ ಮೈಮೇಲೆ ಇರುತ್ತದೆ, ಕಚ್ಚಿದರೆ ದಿನಗಟ್ಟಲೆ ಅಂಟಿಕೊಂಡಿರುತ್ತದೆ. ತಿಗಣೆಗೆ ಆರು ಕಾಲು. ಐದು ಹತ್ತು ನಿಮಿಷ ರಕ್ತ ಕುಡಿದು ಮತ್ತೆ ಸಂದು ಸೇರುತ್ತದೆ. ಕಾಡಿಗೆ ಸೊಪ್ಪು, ದರಗು (ಉದುರಿದ ಒಣ ಎಲೆ) ತರಲು ಹೋಗಿ ಬಂದವರಿಗೆ ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಈ ಎರಡನ್ನೂ ಒಂದು ಮಾಡಬೇಡಿ, ಹೆದರಿಕೆ ತಪ್ಪು ಕಡೆ ಹೋಗುತ್ತದೆ.

ಕಾನಿನ ಹಾದಿ (ಸೊರಬ)
ತಿಳಿಯಿತು ಅಕ್ಕ. ನಮ್ಮ ಊರಿನಲ್ಲಿ ಆ ಕಾಯಿಲೆಯಿಂದ ಸಾವು ಕಂಡಿದ್ದೇವೆ, ಅದಕ್ಕೇ ಕೇಳಿದೆ.

ಶುಭ್ರ ಮನೆ (ಭದ್ರಾವತಿ)
ಒಂದು ಮಾತು ನೇರವಾಗಿ ಹೇಳುತ್ತೇನೆ. ದಿನಾ ಗುಡಿಸಿ ಒರೆಸುವ ಮನೆಗೆ ತಿಗಣೆ ಬರುವುದಿಲ್ಲ.

ಮಳೆಮನೆ (ಆಗುಂಬೆ ಹತ್ತಿರ)
ಬರುತ್ತದೆ ಮೇಡಂ. ಅದಕ್ಕೆ ಬೇಕಾದದ್ದು ಮನುಷ್ಯರ ರಕ್ತ, ಕಸವಲ್ಲ. ನಾನು ಹೋಂಸ್ಟೇ ನಡೆಸುತ್ತೇನೆ. ಪ್ರತಿ ಅತಿಥಿ ಹೋದ ಮೇಲೆ ಹೊದಿಕೆ ಬದಲಿಸುತ್ತೇವೆ, ನೆಲ ಎರಡು ಸಲ ಒರೆಸುತ್ತೇವೆ. ಆದರೂ ಮೂರು ವರ್ಷದ ಹಿಂದೆ ಯಾರದೋ ಚೀಲದಲ್ಲಿ ಬಂತು. ಅದಕ್ಕೆ ರೆಕ್ಕೆಯಿಲ್ಲ, ನಾವೇ ಹೊತ್ತು ತರುತ್ತೇವೆ: ರಾತ್ರಿ ಬಸ್ಸಿನ ಸೀಟು, ಹಾಸ್ಟೆಲಿನ ಟ್ರಂಕು, ಹಳೆಯ ಸಾಮಾನಿನ ಅಂಗಡಿಯ ಕುರ್ಚಿ. ಸಾಮಾನು ಕಿಕ್ಕಿರಿದ ಮನೆಯಲ್ಲಿ ಅಡಗಲು ಜಾಗ ಹೆಚ್ಚು, ಅಷ್ಟೇ. "ಗಲೀಜು ಮನೆ" ಎಂಬ ಈ ಮಾತಿನಿಂದಲೇ ಜನ ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದರಿಂದಲೇ ಅದು ಪಕ್ಕದ ಮನೆಗೂ ಹೋಗುತ್ತದೆ. ಆಗ ಎರಡು ಕೋಣೆ ಎರಡು ತಿಂಗಳು ಮುಚ್ಚಿದೆ. ನಷ್ಟವಾಯಿತು, ಆದರೆ ಕಾಯ್ದಿರಿಸಿದವರಿಗೆಲ್ಲ ನಿಜವನ್ನೇ ಹೇಳಿದೆ.

ನಾನು ಕಲಿತದ್ದನ್ನು ಬರೆಯುತ್ತೇನೆ. ಮೊದಲ ತಪ್ಪು, ಕಚ್ಚುತ್ತದೆ ಎಂದು ಬೇರೆ ಕೋಣೆಗೆ ಹೋಗಿ ಮಲಗುವುದು. ನಿಮ್ಮ ಉಸಿರನ್ನೂ ಮೈ ಬಿಸಿಯನ್ನೂ ಹಿಡಿದು ಅದು ಅಲ್ಲಿಗೂ ಬರುತ್ತದೆ, ಒಂದು ಕೋಣೆಯ ಕಾಟ ಮೂರು ಕೋಣೆಯದಾಗುತ್ತದೆ. ಇದ್ದಲ್ಲೇ ಮಲಗಿ. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ. ಹೊದಿಕೆ, ಸೊಳ್ಳೆ ಪರದೆ ಯಾವುದೂ ನೆಲ ಮುಟ್ಟಬಾರದು. ಮಂಚದ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಿನಲ್ಲಿ ಇಡಿ, ಇರುವೆ ಹತ್ತದಂತೆ ಹಾಲಿನ ಪಾತ್ರೆಯನ್ನು ನೀರಿನಲ್ಲಿ ಇಡುವುದಿಲ್ಲವೇ, ಹಾಗೆ. ಆಮೇಲೆ ಮಂಚವನ್ನು ಸ್ವಚ್ಛ ಮಾಡಿ. ಹೊಲಿಗೆ, ಹಲಗೆಯ ಸಂದು, ಮೊಳೆಯ ತೂತು, ಒಂದನ್ನೂ ಬಿಡಬೇಡಿ.

ಕೊಡಚಾದ್ರಿ ನೆರಳು (ಹೊಸನಗರ)
ಬಟ್ಟಲಿನ ನೀರನ್ನು ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ. ಇಲ್ಲದಿದ್ದರೆ ತಿಗಣೆ ಓಡಿಸಲು ಹೋಗಿ ಡೆಂಗಿ ಸೊಳ್ಳೆಯನ್ನು ಮಂಚದ ಕೆಳಗೇ ಸಾಕಿದಂತಾಗುತ್ತದೆ.

ಮಳೆಮನೆ (ಆಗುಂಬೆ ಹತ್ತಿರ)
ಒಳ್ಳೆಯ ಮಾತು. ನಾನು ಸೋಪಿನ ನೀರು ಹಾಕುತ್ತಿದ್ದೆ, ಅದನ್ನು ಬರೆಯಲು ಮರೆತೆ. ಬರೀ ಪೌಡರ್ ಹಾಕಿದ ನುಣುಪು ಬಟ್ಟಲನ್ನು ನೆಚ್ಚಬೇಡಿ. ನಮ್ಮ ಬಿಸಿ ದೇಶಗಳ ತಿಗಣೆಯ ಜಾತಿ ಬೇರೆ, ನುಣುಪಾದ ಗೋಡೆಯನ್ನೂ ಚೆನ್ನಾಗಿ ಹತ್ತುತ್ತದೆ.

ಕೆಂಪಡಿಕೆ (ಕೊಪ್ಪ)
ತೋಟಕ್ಕೆ ಬೋರ್ಡೋ ಹೊಡೆದದ್ದು ಅರ್ಧ ಡ್ರಮ್ ಉಳಿದಿದೆ. ನಮ್ಮ ಮನೆಯಲ್ಲೂ ಒಂದು ಕೋಣೆಯಲ್ಲಿ ತಿಗಣೆ ಇದೆ. ಅದನ್ನೇ ಮಂಚಕ್ಕೆ ಹೊಡೆಯಬಹುದೇ?

ಗೊಬ್ಬರದಂಗಡಿ (ಶಿಕಾರಿಪುರ)
ಬೇಡ ಮಾರಾಯರೇ! ಮೈಲುತುತ್ತ ಮತ್ತು ಸುಣ್ಣ ಕೊಳೆರೋಗದ ಶಿಲೀಂಧ್ರಕ್ಕೆ, ಹುಳಕ್ಕಲ್ಲ. ಮಂಚ ನೀಲಿಯಾಗುತ್ತದೆ, ತಿಗಣೆ ಅಲ್ಲೇ ಇರುತ್ತದೆ.

ನೀವು ಕೇಳಿದ್ದು ಒಳ್ಳೆಯದಾಯಿತು, ಇಲ್ಲಿ ಗಟ್ಟಿಯಾಗಿ ಒಂದು ಮಾತು ಹೇಳಬೇಕಾಗಿದೆ. ನನ್ನ ಅಂಗಡಿಗೆ ತಿಂಗಳಿಗೆ ಇಬ್ಬರಾದರೂ ಬಂದು, "ಧಾನ್ಯದ ದಾಸ್ತಾನಿಗೆ ಇಡುವ ಗುಳಿಗೆ ಕೊಡಿ, ಮಂಚದ ಕೆಳಗೆ ಇಟ್ಟು ಬಾಗಿಲು ಹಾಕುತ್ತೇವೆ" ಎನ್ನುತ್ತಾರೆ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದೊಡನೆ ಫಾಸ್ಫೀನ್ ಅನಿಲ ಬಿಡುತ್ತದೆ. ಅದು ಬಾಗಿಲ ಸಂದಿನಿಂದ ನುಸುಳಿ ಪಕ್ಕದ ಕೋಣೆಯಲ್ಲಿ, ಮೇಲಿನ ಮಹಡಿಯಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ. ನಮ್ಮ ದೇಶದಲ್ಲಿ ತಿಗಣೆಗೆಂದು ಇದನ್ನಿಟ್ಟು ಮಕ್ಕಳನ್ನು ಕಳೆದುಕೊಂಡ ಮನೆಗಳಿವೆ. ಇದಕ್ಕೆ ಮದ್ದಿಲ್ಲ. ತರಬೇತಿ ಪಡೆದ ಅಧಿಕೃತರಲ್ಲದೆ ಬೇರೆ ಯಾರೂ ಬಳಸುವಂತಿಲ್ಲ ಎಂಬ ನಿರ್ಬಂಧವಿದೆ. ನಾನು ಕೊಡುವುದಿಲ್ಲ, ಬೈದು ಕಳುಹಿಸುತ್ತೇನೆ. ಹಾಗೆಯೇ ಡೈಕ್ಲೋರ್ವಾಸ್ ಎಂಬ ಘಾಟು ಔಷಧ, ಹಳಬರು ತಿಗಣೆಗೆ ಅದನ್ನೇ ಕೇಳುತ್ತಾರೆ. 2020ರ ಡಿಸೆಂಬರ್ 31ರಿಂದ ಅದು ನಿಷೇಧವಾಗಿದೆ. ಯಾರ ಅಟ್ಟದಲ್ಲಾದರೂ ಹಳೆಯ ಸೀಸೆ ಉಳಿದಿದ್ದರೆ ಹೊರಗೆ ತೆಗೆಯಬೇಡಿ.

ಕೆಂಪಡಿಕೆ (ಕೊಪ್ಪ)
ಗುಳಿಗೆಯ ಯೋಚನೆ ನನಗೂ ಇತ್ತು. ಕೈಬಿಟ್ಟೆ. ಧನ್ಯವಾದ.

ಪಿಜಿ ವಾಸಿ (ಬೆಂಗಳೂರು, ಊರು ರಿಪ್ಪನ್‌ಪೇಟೆ)
ಪಿಜಿಯಿಂದ ಬಂದಿರಬಹುದು ಎಂದದ್ದು ಓದಿ ಬೇಸರವಾಯಿತು, ಆದರೆ ಸುಳ್ಳಲ್ಲ. ನಮ್ಮ ಪಿಜಿಯಲ್ಲಿ ಒಬ್ಬನನ್ನು ಕರೆಸಿ ಔಷಧ ಹೊಡೆಸಿದರು. ಒಂದೇ ಸಲ ಬಂದ, 1,800 ರೂಪಾಯಿ ತೆಗೆದುಕೊಂಡ, "ಆರು ತಿಂಗಳು ಚಿಂತೆಯಿಲ್ಲ" ಎಂದ. ಹನ್ನೆರಡನೇ ದಿನಕ್ಕೆ ಮತ್ತೆ ಕಚ್ಚಲು ಶುರುವಾಯಿತು. ಈಗ ಊರಿಗೆ ಹೋಗುವಾಗ ಚೀಲ ನೇರವಾಗಿ ಬಚ್ಚಲಿಗೆ ಹೋಗುತ್ತದೆ. ಅಮ್ಮ ಬಟ್ಟೆಯನ್ನೆಲ್ಲ ಹಂಡೆಯ ಕುದಿಯುವ ನೀರಿಗೆ ಹಾಕುತ್ತಾರೆ.

ಗೊಬ್ಬರದಂಗಡಿ (ಶಿಕಾರಿಪುರ)
ಹನ್ನೆರಡು ದಿನದ ಲೆಕ್ಕ ಸರಿಯಾಗಿದೆ. ಹೊಡೆಯುವ ಔಷಧಗಳಲ್ಲಿ ಹೆಚ್ಚಿನವು ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆ ವಾರ, ಹತ್ತು ದಿನಕ್ಕೆ ಒಡೆಯುತ್ತದೆ. ಅದಕ್ಕೇ ಎರಡು ವಾರ ಬಿಟ್ಟು ಎರಡನೇ ಸಲ, ಬೇಕಾದರೆ ಮೂರನೇ ಸಲ ಹೊಡೆಯಬೇಕು. ಕರೆಸುವ ಮೊದಲು ಪರವಾನಗಿ ಇದೆಯೇ, ಔಷಧದ ಹೆಸರೇನು, ಎಷ್ಟು ಸಲ ಬರುತ್ತೀರಿ ಎಂದು ಕೇಳಿ. ಹೆಸರು ಹೇಳಲು ಹಿಂಜರಿಯುವವನನ್ನು ಹೊಸ್ತಿಲು ದಾಟಿಸಬೇಡಿ. ಪೈರೆಥ್ರಾಯ್ಡ್ ಎಂಬ ಕೀಟನಾಶಕ ಗುಂಪಿನ ಔಷಧಗಳಿಗೆ ಎಷ್ಟೋ ಕಡೆ ತಿಗಣೆ ಒಗ್ಗಿಹೋಗಿದೆ, ಅದನ್ನೂ ನೆನಪಿಡಿ.

ನಿವೃತ್ತ ಮೇಷ್ಟ್ರು (ಶೃಂಗೇರಿ)
ಒಗ್ಗಿಹೋಗುವುದು ಹೊಸ ಕಥೆಯಲ್ಲ. ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ನಮ್ಮ ದೇಶದಲ್ಲಿ 1953ರಲ್ಲಿ ಶುರುವಾಯಿತು. ಮಲೆನಾಡಿನ ಮನೆ ಮನೆಗೂ ಡಿಡಿಟಿ ಹೊಡೆಯುವವರು ಬರುತ್ತಿದ್ದರು. ನಾನು ಚಿಕ್ಕವನು. ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದು, ಗೋಡೆಗೆಲ್ಲ ಬಿಳಿ ಬಿಳಿಯಾಗಿ ಹೊಡೆದು, ಬಾಗಿಲ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಮೊದಲ ವರ್ಷಗಳಲ್ಲಿ ಸೊಳ್ಳೆಯ ಜೊತೆ ತಿಗಣೆಯೂ ಸತ್ತು ಬೀಳುತ್ತಿತ್ತು, ಅಮ್ಮ ಗುಡಿಸಿ ಒಲೆಗೆ ಹಾಕುತ್ತಿದ್ದರು. ಆಮೇಲಾಮೇಲೆ ಔಷಧ ಹೊಡೆದ ರಾತ್ರಿಯೇ ತಿಗಣೆಗಳು ಸಂದಿನಿಂದ ಹೊರಬಿದ್ದು ಹೆಚ್ಚು ಕಚ್ಚುತ್ತಿದ್ದವು. ಡಿಡಿಟಿ ಹೊಡೆಯುವವರು ಬಂದರೆ ಜನ ಬಾಗಿಲು ಹಾಕಿಕೊಳ್ಳುವಷ್ಟಾಯಿತು. ಹವಾಯಿಯ ಪರ್ಲ್ ಹಾರ್ಬರ್ ಸೈನಿಕ ವಸತಿಯಲ್ಲಿ 1947ರಷ್ಟು ಹಿಂದೆಯೇ ಡಿಡಿಟಿಗೆ ಜಗ್ಗದ ತಿಗಣೆ ಕಂಡಿತ್ತು ಎಂದು ಆಮೇಲೆ ಓದಿ ತಿಳಿದೆ.

ನಮ್ಮ ಮನೆಯಲ್ಲಿ ಕೊನೆಗೆ ಕೆಲಸ ಮಾಡಿದ್ದು ಕುದಿಯುವ ನೀರು. ಹಲಸಿನ ಮರದ ಮಂಚವನ್ನು ಬಿಚ್ಚಿ ಅಂಗಳಕ್ಕೆ ತಂದು, ಹಂಡೆಯ ನೀರನ್ನು ಕುದಿಕುದಿಯುತ್ತಿದ್ದಂತೆಯೇ ಸಂದು ಸಂದಿಗೆ ಹೊಯ್ಯುತ್ತಿದ್ದರು. ವಾರಕ್ಕೊಮ್ಮೆಯಂತೆ ಒಂದು ತಿಂಗಳು. ಅದು ಶಾಖದ ಕೆಲಸ, ಕುದಿಯುವ ನೀರಿನ ಶಾಖವನ್ನು ಯಾವ ತಿಗಣೆಯೂ ತಾಳಲಾರದು.

ಲಕ್ಕಿ ಗಿಡ (ಎನ್.ಆರ್.ಪುರ)
ಲಕ್ಕಿ ಸೊಪ್ಪು, ಬೇವಿನ ಸೊಪ್ಪು ಹಾಸಿಗೆಯ ಕೆಳಗೆ ಇಟ್ಟರೆ? ಬಜೆ ಪುಡಿ?

ಮಳೆಮನೆ (ಆಗುಂಬೆ ಹತ್ತಿರ)
ಮೂರನ್ನೂ ಮಾಡಿದೆ. ಕೋಣೆಗೆ ಒಳ್ಳೆಯ ವಾಸನೆ ಬಂತು. ತಿಗಣೆ ಪಕ್ಕದ ಕಿಟಕಿ ಚೌಕಟ್ಟಿಗೆ ಸರಿಯಿತು. ಧಾನ್ಯದ ಡಬ್ಬಿಗೆ ಬೇವು, ಬಜೆ ಬಹಳ ಒಳ್ಳೆಯದು, ನಾನೂ ಹಾಕುತ್ತೇನೆ. ತುಂಬಿಕೊಂಡ ತಿಗಣೆಗೆ ಅದು ಸಾಲದು.

ಡ್ರೈಯರ್ ಮನೆ (ತೀರ್ಥಹಳ್ಳಿ)
ಬಿಸಿಲಿಲ್ಲ ಎಂದು ಕೊರಗುವ ಮಲೆನಾಡಿನವರು ಒಂದನ್ನು ಮರೆತಿದ್ದೀರಿ. ಅಡಿಕೆ ಡ್ರೈಯರ್!

ಕಳೆದ ಮಳೆಗಾಲದಲ್ಲಿ ನಮ್ಮ ಮನೆಗೂ ಬಂತು. ಕೊಯ್ಲು ಶುರುವಾಗಿರಲಿಲ್ಲ, ಡ್ರೈಯರ್ ಖಾಲಿಯಿತ್ತು. ಕಂಬಳಿ, ದಿಂಬು, ಹೊದಿಕೆ, ಬಟ್ಟೆಯ ಗಂಟು ಎಲ್ಲವನ್ನೂ ಅಟ್ಟಣೆಯ ಮೇಲೆ ಬಿಡಿ ಬಿಡಿಯಾಗಿ ಹರಡಿ, ಕಟ್ಟಿಗೆ ಹಾಕಿ, ನಡುವೆ ಥರ್ಮಾಮೀಟರ್ ಇಟ್ಟೆ. 55 ಡಿಗ್ರಿಗೆ ಏರಿಸಿ ನಾಲ್ಕು ಗಂಟೆ ಹಾಗೇ ಇಟ್ಟೆ. 50 ಡಿಗ್ರಿ ದಾಟಿ ನಿಂತರೆ ಹುಳವಾಗಲಿ ಮೊಟ್ಟೆಯಾಗಲಿ ಉಳಿಯುವುದಿಲ್ಲ. ಆದರೆ ಆ ಬಿಸಿ ದಿಂಬಿನ ನಡುವಿಗೂ ತಲುಪಬೇಕು, ಅದಕ್ಕೇ ನಾಲ್ಕು ಗಂಟೆ. ಬೇಸಿಗೆಯ ಬಿಸಿಲಿನಲ್ಲೂ ಜನ ಇದೇ ತಪ್ಪು ಮಾಡುತ್ತಾರೆ. ಮೇಲ್ಭಾಗ ಕಾಯುತ್ತದೆ, ತಿಗಣೆ ಕೆಳಗಿನ ತಂಪಿಗೆ ಸರಿದು ಕೂರುತ್ತದೆ.

ಎಚ್ಚರಿಕೆ: ಸ್ಪಂಜಿನ ಹಾಸಿಗೆ ಇಡಬೇಡಿ, ಬೆಂಕಿ ಹತ್ತುತ್ತದೆ. ಒಲೆಯ ಕೊಳವೆಗೆ ಬಟ್ಟೆ ತಾಗಬಾರದು. ಒಬ್ಬರು ಅಲ್ಲೇ ಕಾವಲು ಕೂರಬೇಕು. ನಾನು ನಾಲ್ಕು ಗಂಟೆಯೂ ಕದಲಲಿಲ್ಲ.

ಕೊಡಚಾದ್ರಿ ನೆರಳು (ಹೊಸನಗರ)
ಇಷ್ಟು ವರ್ಷ ಡ್ರೈಯರ್ ಪಕ್ಕದಲ್ಲೇ ಇದ್ದೂ ಇದು ಹೊಳೆದಿರಲಿಲ್ಲ. ಒಳ್ಳೆಯ ಉಪಾಯ ಸರ್.

ತುಂಗೆಯ ದಡ (ಶಿವಮೊಗ್ಗ)
ಎಲ್ಲರಿಗೂ ಕೃತಜ್ಞತೆ. ನಮಗೆ ಪೇಟೆಯಲ್ಲಿ ಡ್ರೈಯರ್ ಇಲ್ಲ, ತವರು ಕೋಣಂದೂರಿನಲ್ಲಿ ಇದೆ. ಅಣ್ಣನಿಗೆ ಫೋನ್ ಮಾಡಿದೆ, "ಭಾನುವಾರ ತಾ" ಎಂದಿದ್ದಾನೆ. ಸ್ಪಂಜಿನ ಹಾಸಿಗೆಗೆ ಏನು ಮಾಡಲಿ? ಮಗಳ ಪುಸ್ತಕಗಳ ನಡುವೆಯೂ ಒಂದು ಸಿಕ್ಕಿತು.

ಮಳೆಮನೆ (ಆಗುಂಬೆ ಹತ್ತಿರ)
ಭಾನುವಾರ ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು ಒಯ್ಯಿರಿ. ಇಲ್ಲದಿದ್ದರೆ ಕಾರಿನ ಸೀಟಿಗೂ ಅಣ್ಣನ ಮನೆಗೂ ಹಂಚಿದಂತಾಗುತ್ತದೆ.

ಹಾಸಿಗೆಗೆ ಬಟ್ಟೆಯ ಸ್ಟೀಮರ್ ಹಿಡಿಯಿರಿ. ಹೊಲಿಗೆಯ ಮೇಲೆ ಬಹಳ ನಿಧಾನವಾಗಿ, ಇರುವೆ ನಡೆದಷ್ಟು ನಿಧಾನವಾಗಿ. ರಭಸದಿಂದ ಊದಿದರೆ ಮರಿಗಳು ಹಾರಿ ಬೇರೆ ಕಡೆ ಬೀಳುತ್ತವೆ. ಪೂರ್ತಿ ಒಣಗಿದ ಮೇಲೆ ಜಿಪ್ ಇರುವ ಮುಚ್ಚು ಹೊದಿಕೆ ಹಾಕಿ ಒಂದು ವರ್ಷ ತೆಗೆಯಬೇಡಿ. ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುವ ಜೀವಿ ಅದು. ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಡಿ.

ನಿಮ್ಮ ಮೊದಲ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಮೂರು ವಾರದಲ್ಲಿ ಬಹಳ ಕಡಿಮೆಯಾಗುತ್ತದೆ, ಮುಗಿಯಿತು ಎನ್ನಲು ಆಗುವುದಿಲ್ಲ. ಎರಡು ತಿಂಗಳು ಒಂದು ಕಲೆಯೂ ಕಚ್ಚಿದ ಗುರುತೂ ಕಾಣದಿದ್ದರೆ ಮಾತ್ರ ಹೋಯಿತು ಎನ್ನಬಹುದು. ಆದ್ದರಿಂದ ನಾದಿನಿಗೆ ಹೇಳಲೇಬೇಕು.

ಶುಭ್ರ ಮನೆ (ಭದ್ರಾವತಿ)
ಹೇಳಬೇಡಿ ಎನ್ನುತ್ತೇನೆ. ತವರಿಗೆ ಬರುವ ಹೆಣ್ಣುಮಗಳಿಗೆ ಬಾಗಿನ ಕೊಡುವ ಹೊತ್ತಿನಲ್ಲಿ ತಿಗಣೆಯ ಸುದ್ದಿಯೇ? ಅತ್ತೆಯವರ ಮಾತಿನಲ್ಲೂ ಅರ್ಥವಿದೆ.

ಪಿಜಿ ವಾಸಿ (ಬೆಂಗಳೂರು, ಊರು ರಿಪ್ಪನ್‌ಪೇಟೆ)
ಬಾಗಿನದ ಜೊತೆ ತಿಗಣೆಯನ್ನೂ ಹಾಸನಕ್ಕೆ ಕಳುಹಿಸಿದರೆ ಅದು ಸರಿಯೇ ಮೇಡಂ? ನನಗೆ ಯಾರಾದರೂ ಮೊದಲೇ ಹೇಳಿದ್ದರೆ ನಮ್ಮ ಅಮ್ಮನ ಮನೆಗೆ ಅದು ಹೋಗುತ್ತಿರಲಿಲ್ಲ.

ಆಸ್ಪತ್ರೆ ಅಕ್ಕ (ತೀರ್ಥಹಳ್ಳಿ)
ನಾನು ಪಿಜಿಯ ಹುಡುಗನ ಪಕ್ಷ. ಎರಡು ಮಕ್ಕಳು ಬರುತ್ತಿದ್ದಾರೆ, ತಂಗಿ.

ತುಂಗೆಯ ದಡ (ಶಿವಮೊಗ್ಗ)
ಹಬ್ಬ ಮುಗಿಯಿತು, ಏನಾಯಿತು ಎಂದು ಬರೆಯಬೇಕೆನಿಸಿತು.

ಎರಡು ಭಾನುವಾರ ಕೋಣಂದೂರಿನಲ್ಲಿ ಡ್ರೈಯರ್ ಹಾಕಿದೆವು. ಮಂಚ ಬಿಚ್ಚಿದಾಗ ತಲೆಯ ಕಡೆಯ ಹಲಗೆಯ ಹಿಂದೆ ಕಂಡದ್ದನ್ನು ವರ್ಣಿಸಲಾರೆ. ಯಜಮಾನರು ಅಂದಿನಿಂದ ಒಂದು ಮಾತೂ ಎದುರಾಡದೆ ಸ್ಟೀಮರ್ ಹಿಡಿದರು. ಸಂದುಗಳಿಗೆ ಮರದ ಪುಟ್ಟಿ ತುಂಬಿದೆವು.

ನಾದಿನಿಗೆ ಫೋನ್ ಮಾಡಿ ಹೇಳಿಬಿಟ್ಟೆ. ಕೈ ನಡುಗುತ್ತಿತ್ತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅತ್ತಿಗೆ, ಹೋದ ವರ್ಷ ನಮ್ಮ ಮನೆಗೂ ಬಂದಿತ್ತು. ಅಮ್ಮನಿಗೆ ಗೊತ್ತಾದರೆ ಎಂದು ನಿಮಗೆ ಹೇಳಲಿಲ್ಲ" ಎಂದಳು. ಬಂದಳು, ಎರಡೇ ರಾತ್ರಿ ಇದ್ದಳು. ಚೀಲಗಳನ್ನು ಬಚ್ಚಲಿನಲ್ಲಿಟ್ಟು, ನಡುಮನೆಯಲ್ಲಿ ಹೊಸ ಚಾಪೆಯ ಮೇಲೆ ಎಲ್ಲರೂ ಒಟ್ಟಿಗೆ ಮಲಗಿದೆವು. ಮಕ್ಕಳಿಗೆ ಕಚ್ಚಲಿಲ್ಲ. ಅತ್ತೆಯವರು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ರಾತ್ರಿ ಎಚ್ಚರವಾದಾಗ ನೋಡಿದರೆ ಅವರೇ ಟಾರ್ಚ್ ಹಿಡಿದು ನನ್ನ ಮಗಳ ದಿಂಬಿನ ಅಂಚು ಪರೀಕ್ಷಿಸುತ್ತಿದ್ದರು.

ಹದಿಮೂರು ದಿನ ಏನೂ ಕಾಣಲಿಲ್ಲ. ನಿನ್ನೆ ಗೋಡೆ ಗಡಿಯಾರ ತೆಗೆದಾಗ ಅದರ ಹಿಂದೆ ಒಂದು ಮರಿ ಸಿಕ್ಕಿತು, ಎಳ್ಳಿನಷ್ಟು ದೊಡ್ಡದು. ಬಟ್ಟಲುಗಳು ಇನ್ನೂ ಮಂಚದ ಕಾಲಿನಡಿಯೇ ಇವೆ.

ಮಳೆಮನೆ (ಆಗುಂಬೆ ಹತ್ತಿರ)
ಗಡಿಯಾರದ ಬ್ಯಾಟರಿ ಗೂಡನ್ನು ಬಿಚ್ಚಿ ನೋಡಿದಿರಾ? ದೇವರ ಪಟಗಳ ಹಿಂಬದಿ? ಸ್ವಿಚ್ ಬೋರ್ಡ್ ಆದರೆ ಮೊದಲು ಮೇನ್ ಆರಿಸಿ.

ತುಂಗೆಯ ದಡ (ಶಿವಮೊಗ್ಗ)
ಪಟಗಳನ್ನು ನೋಡಿಲ್ಲ. ಅತ್ತೆಯವರು ಆಗಲೇ ಸ್ಟೂಲು ತರುತ್ತಿದ್ದಾರೆ.